ನಾಲ್ಕು ಗಂಟೆಗೆ ಒರೆಸಿದ ವೆಬ್‌ಸೈಟ್

ಭೂಗೋಳದ ಮೇಷ್ಟ್ರಿಗೂ ಅವರ ಹೆಂಡತಿಯ ತಮ್ಮನಿಗೂ ಎಣ್ಣೆ ಸೀಗೆಕಾಯಿ. ಒಂದೇ ಶಾಲೆ, ಒಂದೇ ಸ್ಟಾಫ್ ರೂಮು, ನಡುವೆ ಒಂದು ಕಬ್ಬಿಣದ ಬೀರು. ಇವರಿಬ್ಬರ ನೋಟದ ಕಾವಿಗೆ ಬೀರುವಿನ ಬಣ್ಣ ಎರಡೂ ಕಡೆ ಸುಲಿದುಹೋಗಿತ್ತು.

ಮೇಷ್ಟ್ರದು ಮೂವತ್ತು ವರ್ಷದ ಸರ್ವೀಸು. ಗಂಟೆ ಹೊಡೆದ ಮೇಲೆ ಬೋರ್ಡನ್ನು ಮುಖ ಕಾಣುವ ಹಾಗೆ ಒರೆಸದೆ ಅವರು ಹೊರಗೆ ಕಾಲಿಟ್ಟವರಲ್ಲ. ಮುಂದಿನವರಿಗೆ ತನ್ನ ಗೀಚಾಟ ಬಿಟ್ಟುಹೋಗುವವನು ಮೇಷ್ಟ್ರೇ ಅಲ್ಲ ಎನ್ನುವರು. ಅವರು ಉದುರಿಸಿದ ಸೀಮೆಸುಣ್ಣದ ಪುಡಿಯಲ್ಲಿ ಇಡೀ ಊರಿಗೆ ಎರಡು ಸಲ ಸುಣ್ಣ ಬಳಿಯಬಹುದಿತ್ತು.

ಆ ವರ್ಷ ಹೆಡ್‌ಮಿಸ್ ಆಜ್ಞೆ ಹೊರಡಿಸಿದರು. ಪ್ರತಿ ತರಗತಿಗೂ ಒಂದು ವೆಬ್‌ಸೈಟ್ ಇರಬೇಕು, ದಿನದ ಪಾಠ ಅದರಲ್ಲಿ ಸಿಗಬೇಕು. ತಿಂಗಳ ಕೊನೆಗೆ ಖಾಲಿ ಕಂಡರೆ ಆ ತರಗತಿ ಕಂಪ್ಯೂಟರ್ ಮೇಷ್ಟ್ರಿಗೆ. ಕಂಪ್ಯೂಟರ್ ಮೇಷ್ಟ್ರೆಂದರೆ ಇದೇ ಭಾವಮೈದುನ. ಏಳನೇ ತರಗತಿ ಕೈತಪ್ಪಿದರೆ ಭೂಗೋಳದ ಮೇಷ್ಟ್ರಿಗೆ ಉಳಿಯುವುದು ಮುರುಕು ಗ್ಲೋಬುಗಳ ಸ್ಟೋರ್ ರೂಮು.

ಸೈಟ್ ಮಾಡುವುದನ್ನು ಮೇಷ್ಟ್ರಿಗೆ ಕಲಿಸುವ ಹೊಣೆಯೂ ಭಾವಮೈದುನನ ಮೇಲೇ ಬಿತ್ತು. ಬಾಕ್ಸು ಎಳೆದು ತರುವುದು, ಒಳಗೆ ಅಕ್ಷರ, ಪಕ್ಕದಲ್ಲಿ ಫೋಟೋ, ಕೊನೆಗೆ ‘ಪಬ್ಲಿಷ್’ ಒತ್ತುವುದು. ಹತ್ತೇ ನಿಮಿಷಕ್ಕೆ ಎದ್ದುಬಿಟ್ಟ.

“ಕತ್ತೆಗೂ ಬರುತ್ತೆ ಭಾವ ಇದು.”

“ಅದಕ್ಕೇ ನಿಂಗೆ ಬಂದಿರೋದು.”

ಮೇಷ್ಟ್ರು ಹಲ್ಲುಕಚ್ಚಿ ಕಲಿತರು. ದಿನಾ ಬೆಳಗ್ಗೆ ಪಾಠ ಬರೆದರು, ಕೈಯಲ್ಲೇ ನಕ್ಷೆ ಬಿಡಿಸಿ ಫೋಟೋ ಹಿಡಿದು ಏರಿಸಿದರು. ನಾಲ್ಕು ಗಂಟೆಗೆ ಬೆಲ್ ಹೊಡೆದೊಡನೆ ಅಷ್ಟನ್ನೂ ಅಚ್ಚುಕಟ್ಟಾಗಿ ಅಳಿಸಿ ಮನೆಗೆ ಹೋದರು. ಮಕ್ಕಳ ಅಪ್ಪ ಅಮ್ಮಂದಿರು ಸೈಟ್ ನೋಡುತ್ತಿದ್ದದ್ದು ಕೆಲಸ ಮುಗಿಸಿ ಬಂದ ಮೇಲೆ. ದೂರಿನ ಮೇಲೆ ದೂರು ಬಿತ್ತು.

ತಿಂಗಳ ಕೊನೆಯ ಸಂಜೆ ಹೆಡ್‌ಮಿಸ್ ಎಲ್ಲರೆದುರು ಸೈಟ್ ತೆರೆದರು. ಬಟ್ಟಬಯಲು.

“ಎಲ್ರೀ ನಿಮ್ಮ ಪಾಠ?”

“ಒರೆಸಿದೆ ಮೇಡಂ. ನಾಳೆ ಬರೆಯೋಕೆ ಜಾಗ ಬೇಡ್ವಾ?”

ಎದ್ದ ನಗೆಗೆ ಸ್ಟಾಫ್ ರೂಮಿನ ಫ್ಯಾನು ಉಲ್ಟಾ ತಿರುಗಿತು. ಅಳಿಸಿದ್ದನ್ನು ಮತ್ತೆ ತರಲಾಗುತ್ತದೆಯೇ ಎಂದು ಹೆಡ್‌ಮಿಸ್ ಕೇಳಿದರು. ಹೋದದ್ದು ಹೋಯಿತು ಎಂದ ಭಾವಮೈದುನ, ನಾಡಿ ಹಿಡಿದು ನೋಡಿದ ಡಾಕ್ಟರ ಗತ್ತಿನಲ್ಲಿ. ಏಳನೇ ತರಗತಿ ಅವನದಾಯಿತು.

ಸೋಮವಾರ ಅದೇ ಸೈಟಿನಲ್ಲಿ ಇಪ್ಪತ್ತಮೂರು ಪಾಠ! ಪ್ರತಿಯೊಂದರ ಕೆಳಗೂ ಭಾವಮೈದುನನ ಹೆಸರು. ಅಳಿಸಿದ ಪುಟಗಳನ್ನು ಸೈಟ್ ತಾನೇ ಜೋಪಾನವಾಗಿಟ್ಟಿರುತ್ತದೆಂದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಒಂದು ಗುಂಡಿ ಒತ್ತಿದ್ದ, ಅಷ್ಟೆ.

ಮೇಷ್ಟ್ರು ಹೆಡ್‌ಮಿಸ್ ಮುಂದೆ ಹೋಗಿ ನಿಂತರು. ಸೈಟಿನಲ್ಲಿದ್ದ ಒಂದು ನಕ್ಷೆಯ ಫೋಟೋ ದೊಡ್ಡದು ಮಾಡಿದರು. ಮೂಲೆಯಲ್ಲಿ, ಅರ್ಧ ಸಮುದ್ರವನ್ನು ನುಂಗಿಕೊಂಡು, ಹಾಳೆ ಒತ್ತಿಹಿಡಿದ ಒಂದು ಹೆಬ್ಬೆರಳು. ಪಕ್ಕದಲ್ಲಿ ತಮ್ಮ ಹೆಬ್ಬೆರಳಿಟ್ಟರು. ಬಾಗಿಲಿಗೆ ಸಿಕ್ಕಿ ಸೀಳಿದ ಅದೇ ಉಗುರು. ಹೆಡ್‌ಮಿಸ್ ಇಪ್ಪತ್ತಮೂರನ್ನೂ ತೆಗೆದು ನೋಡಿದರು; ಭೂಮಿಯ ಮೇಲಿರುವ ಸಮುದ್ರಗಳಲ್ಲೆಲ್ಲ ಅದೇ ದ್ವೀಪ.

ಮಧ್ಯಾಹ್ನದೊಳಗೆ ತರಗತಿ ಮೇಷ್ಟ್ರ ಕೈಗೆ ವಾಪಸಾಯಿತು. ಭಾವಮೈದುನ ಮೊದಲ ಸಲ ದನಿ ತಗ್ಗಿಸಿ ಕಾರಿಡಾರಿನಲ್ಲಿ ಅಡ್ಡ ಬಂದ.

“ಭಾವ, ಅಕ್ಕಂಗೆ ಮಾತ್ರ ಹೇಳ್ಬೇಡಿ.”

“ನಾನ್ಯಾಕಪ್ಪಾ ಹೇಳ್ಲಿ? ಈಗ ತಾನೇ ಸೈಟಲ್ಲಿ ಹಾಕ್ದೆ. ಓದ್ಕೋತಾಳೆ.”