ಕ್ಯಾಪ್ಟನ್ ಗಾಡಿ ಆಫ್ ಮಾಡುವುದಿಲ್ಲ

ಕ್ಯಾಪ್ಟನ್ ಎಂಬ ಪದವಿಯನ್ನು ಅವನಿಗೆ ಯಾವ ಸೈನ್ಯವೂ ಕೊಟ್ಟದ್ದಲ್ಲ, ತನಗೆ ತಾನೇ ಕೊಟ್ಟುಕೊಂಡದ್ದು. ಹೊಟ್ಟೆಪಾಡಿಗೆ ಕನ್ನಡಕದ ಅಂಗಡಿ ಇಟ್ಟಿದ್ದ. ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಗೋಡೆಯ ಅಕ್ಷರ ಓದಿಸಿ, ಒಂದು ಸಾಲು ತಪ್ಪಿದರೂ "ಇಷ್ಟು ದಿನ ರಸ್ತೆ ದಾಟಿದ್ದೇ ನಿಮ್ಮ ಪುಣ್ಯ" ಎನ್ನುತ್ತಿದ್ದ. ಬೇರೆಯವರಲ್ಲಿ ಕೊರತೆ ಕಂಡರೆ ಅವನಿಗೆ ಹೊಟ್ಟೆ ತುಂಬ ಉಂಡಷ್ಟು ತೃಪ್ತಿ. ಆದರೂ ಅಂಗಡಿಯಲ್ಲಿ ನಾಲಿಗೆ ಸ್ವಲ್ಪ ಬಿಗಿಹಿಡಿಯಬೇಕಲ್ಲ, ವ್ಯಾಪಾರ. ಭಾನುವಾರ ಮಾತ್ರ ಅದನ್ನು ಬಿಚ್ಚಿ ಬಿಡುತ್ತಿದ್ದ.

ಭಾನುವಾರ ನಾಲ್ಕು ಜನ ಹಳೆಯ ಮೋಟಾರ್ ಸೈಕಲ್ಲುಗಳನ್ನೇರಿ ಊರಾಚೆಯ ಕಿರುದಾರಿಗಳಲ್ಲಿ ಸುತ್ತುವುದು ರೂಢಿ. ಎಲ್ಲವೂ ತುಳಿದೇ ಸ್ಟಾರ್ಟ್ ಮಾಡಬೇಕಾದ ಮುದಿ ಗಾಡಿಗಳು. ಕ್ಯಾಪ್ಟನ್ ಮುಂದೆ. ಅವನ ಹಿಂದೆ ಹಲ್ಲಿನ ಡಾಕ್ಟರು, ಕನ್ನಡಿಯ ಹಾಗೆ ಹೊಳೆಯುವ ಗಾಡಿಯ ಮೇಲೆ. "ಇವನು ಗಾಡಿ ಓಡಿಸೋದಿಲ್ಲ, ಹಲ್ಲುಜ್ಜಿ ಮಲಗಿಸ್ತಾನೆ" ಎಂದು ಕ್ಯಾಪ್ಟನ್ ಪ್ರತಿ ವಾರ ಹೇಳುತ್ತಿದ್ದ, ಪ್ರತಿ ವಾರ ತಾನೊಬ್ಬನೇ ನಗುತ್ತಿದ್ದ. ಮೂರನೆಯವನು ಕ್ಯಾಪ್ಟನ್ನನ ಹೆಂಡತಿಯ ತಮ್ಮ. ಕೊನೆಯಲ್ಲಿ ಡ್ರಾಯಿಂಗ್ ಮೇಷ್ಟ್ರು, ಮೂಗಿಗೆ ಕರ್ಚೀಫು ಕಟ್ಟಿಕೊಂಡು, ಮುಂದಿನವರ ಧೂಳನ್ನೆಲ್ಲ ಕುಡಿಯುತ್ತ.

ಮೇಷ್ಟ್ರು ಕೊನೆಯಾದದ್ದು ಕ್ಯಾಪ್ಟನ್ನನ ನಿಯಮದಿಂದ. ತನ್ನ ಗಾಡಿಯನ್ನು ತಾನೇ ತುಳಿದು ಎಬ್ಬಿಸಲಾರದವನು, ಬೇರೆಯವರಿಂದ ತಳ್ಳಿಸಿಕೊಂಡವನು ಸಾಲಿನ ಬಾಲಕ್ಕೆ ಹೋಗಬೇಕು. ಯಾವುದೋ ಚಳಿಗಾಲದಲ್ಲಿ ಮೇಷ್ಟ್ರ ಗಾಡಿ ಹಟ ಹಿಡಿದಿತ್ತು. ಅಂದು ಹಿಂದೆ ಹೋದವರು ಇಂದಿಗೂ ಮುಂದೆ ಬಂದಿರಲಿಲ್ಲ. ಎಂಥ ದೊಡ್ಡ ಸಾಮ್ರಾಜ್ಯ ನೋಡಿ! ನಾಲ್ಕು ಗಾಡಿ, ಒಂದು ಮಣ್ಣಿನ ದಾರಿ, ಅದಕ್ಕೊಬ್ಬ ಚಕ್ರವರ್ತಿ.

ಈ ಚಕ್ರವರ್ತಿಯ ಬಲಮೊಣಕಾಲು ಸವೆದು ಹೋಗಿತ್ತು. ಮೆಟ್ಟಿಲು ಹತ್ತಿದರೆ ಕಟಕಟ ಸದ್ದು. ಗಾಡಿ ತುಳಿಯುವುದಂತೂ ಕನಸಿನ ಮಾತು. ಅದಕ್ಕೇ ಭಾನುವಾರ ಬೆಳಿಗ್ಗೆ ಶೆಡ್ಡಿನ ಬಾಗಿಲು ಮುಚ್ಚಿಕೊಂಡು ಹೆಂಡತಿ ಗಾಡಿ ಸ್ಟಾರ್ಟ್ ಮಾಡಿಕೊಡುತ್ತಿದ್ದಳು. ಅವಳಿಗೆ ಅದರ ಹದ ಸಿಕ್ಕಿತ್ತು. ಕಿಕ್ಕರನ್ನು ಮೆಲ್ಲಗೆ ಒತ್ತಿ, ಬಿಗಿ ಸಿಕ್ಕಲ್ಲಿ ನಿಲ್ಲಿಸಿ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದೇ ಏಟು.

"ಮಂಡಿ ಹೋಗಿದೆ ಅಂತ ಹೇಳಿಬಿಡಿ ಅವರಿಗೆ. ಏನು ತಲೆ ಕಡೀತಾರಾ?" ಎಂದಳು ಈ ಭಾನುವಾರವೂ.

"ನಿನಗೆ ಗೊತ್ತಾಗಲ್ಲ, ಸುಮ್ನಿರು" ಎಂದು ಅವನು ಬಾಗಿಲು ತೆಗೆದ.

ಆಮೇಲೆ ಮನೆಗೆ ಮರಳುವವರೆಗೆ ಕ್ಯಾಪ್ಟನ್ ಗಾಡಿ ಆಫ್ ಮಾಡುವಂತಿರಲಿಲ್ಲ. ಟೀ ಅಂಗಡಿಯ ಮುಂದೆ ಉಳಿದವರು ಬೆಂಚಿನ ಮೇಲೆ ಕಾಲು ಚಾಚಿದರೆ, ಇವನು ಗುಡುಗುಡು ಎನ್ನುವ ಗಾಡಿಯ ಪಕ್ಕ ನಿಂತೇ ಗ್ಲಾಸು ಖಾಲಿ ಮಾಡುತ್ತಿದ್ದ. "ಎಂಜಿನ್ ಬಿಸಿಯಾಗಿರಬೇಕು ಕಣ್ರೋ, ನಿಮಗೆಲ್ಲಿ ಗೊತ್ತಾಗಬೇಕು" ಎನ್ನುತ್ತಿದ್ದ. ಟೀ ಅಂಗಡಿಯವಳು ಹೊಗೆಗೆ ಕೆಮ್ಮುತ್ತಿದ್ದಳು. ಮೂವರೂ ಗ್ಲಾಸಿನೊಳಗೆ ನೋಡುತ್ತ ಟೀ ಕುಡಿಯುತ್ತಿದ್ದರು.

ಅವತ್ತು ಟೀ ಮುಗಿಸಿ ಹೊರಟು, ಎರಡೂ ಕಡೆ ಬೇಲಿಯಿದ್ದ ಏರುದಾರಿಯಲ್ಲಿ ಹೋಗುತ್ತಿದ್ದಾಗ ಕುರಿಮಂದೆ ಎದುರಾಯಿತು. ಕ್ಯಾಪ್ಟನ್ ಕ್ಲಚ್ ಹಿಡಿದು ನಿಂತ. ಸುಮ್ಮನೆ ನಿಂತಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಬಾಯಿ ತುರಿಸಬೇಕಲ್ಲ. ಹಿಂದಕ್ಕೆ ತಿರುಗಿ, ಕೈಯೆತ್ತಿ ತೋರಿಸುತ್ತ, "ನೋಡೋ ಡಾಕ್ಟ್ರೇ, ನಿನ್ನ ಪೇಷಂಟುಗಳು" ಎಂದ. ಎತ್ತಿದ್ದು ಕ್ಲಚ್ ಹಿಡಿದಿದ್ದ ಕೈ. ಗಾಡಿ ಒಮ್ಮೆ ಮುಂದಕ್ಕೆ ಜಿಗಿದು, ಎಂಜಿನ್ ಆಫ್ ಆಗಿ ನಿಂತುಹೋಯಿತು. ನಿನ್ನೆ ಮೊನ್ನೆ ಕಲಿತವನೂ ಇಂಥ ತಪ್ಪು ಮಾಡಲಾರ.

ಕುರಿಗಳು ಹೋದವು. ಕ್ಯಾಪ್ಟನ್ ತುಳಿದ. ಕಿಕ್ಕರ್ ತಿರುಗಿ ಒದೆಯಿತು, ನೋವು ಮಂಡಿಯಿಂದ ತೊಡೆಯವರೆಗೆ ಹರಿಯಿತು. ಮತ್ತೆ ತುಳಿಯಲು ಕಾಲೆತ್ತಿದರೆ ಕಾಲು ಏಳಲೊಲ್ಲದು. ಬೆವರು ಕಣ್ಣಿಗಿಳಿಯಿತು. ಇನ್ನು ಮೇಷ್ಟ್ರ ಹಿಂದೆ ಕರ್ಚೀಫು ಕಟ್ಟಿಕೊಂಡು ಹೋಗುವುದೇ ಗತಿ ಎಂದುಕೊಂಡಾಗ ಅವನಿಗೆ ಅಳುವೇ ಬಂದಂತಾಯಿತು.

ಡಾಕ್ಟರು ಇಳಿದು ಬಂದರು. ಅವನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಒಂದೇ ಏಟಿಗೆ ಗಾಡಿ ಎಬ್ಬಿಸಿ ಹ್ಯಾಂಡಲ್ ಅವನ ಕೈಗೆ ಕೊಟ್ಟರು.

"ನಡೀರಿ ಕ್ಯಾಪ್ಟನ್, ಮುಂದೆ ನಡೀರಿ. ನಾವೇನೂ ನೋಡಿಲ್ಲ."

ಕ್ಯಾಪ್ಟನ್ ಮುಖ ಸುಟ್ಟುಕೊಂಡವನಂತೆ ನಿಂತ. ಭಾವಮೈದ ಹತ್ತಿರ ಬಂದು ದನಿ ತಗ್ಗಿಸಿದ. "ಅಕ್ಕ ಯಾವತ್ತೋ ಹೇಳಿದಾಳೆ ಭಾವ. ಮೂವರಿಗೂ ಗೊತ್ತು. ನೀವು ಮುಂದೇನೇ ಇರಿ, ಯಾರೂ ಬೇಡ ಅಂದಿಲ್ಲ." ಮೇಷ್ಟ್ರು ದೂರದಿಂದಲೇ ಹೌದೆಂಬಂತೆ ತಲೆಯಾಡಿಸಿದರು.

ಅಲ್ಲಿಗೆ ಎಲ್ಲ ಸರಿಹೋಗಿತ್ತು. ಜಾಗ ಅವನದೇ ಉಳಿದಿತ್ತು. ಒಂದು ಥ್ಯಾಂಕ್ಸ್ ಸಾಕಿತ್ತು, ಅದೂ ಬೇಡ, ಬಾಯಿ ಮುಚ್ಚಿಕೊಂಡು ಗೇರ್ ಹಾಕಿದ್ದರೂ ಸಾಕಿತ್ತು. ಆದರೆ ಈ ಬಗೆಯ ಮನುಷ್ಯರಿಗೆ ಉಪಕಾರ ಜೀರ್ಣವಾಗುವುದಿಲ್ಲ. ಇಷ್ಟು ದಿನ ಇವರು ತನ್ನ ಮೇಲೆ ಕನಿಕರ ತೋರಿಸಿ ಹಿಂದೆ ಬರುತ್ತಿದ್ದರೇ? ಅವನ ಎದೆಗೆ ಬೆಂಕಿ ಬಿತ್ತು.

"ನನ್ನ ಗಾಡಿ ಮುಟ್ಟು ಅಂತ ಯಾರು ಹೇಳಿದ್ರು ನಿನಗೆ?" ಎಂದ ಡಾಕ್ಟರಿಗೆ. "ಕೇಳು, ಸೌಂಡೇ ಕೆಟ್ಟುಹೋಯ್ತು. ಕಂಡವರ ಗಾಡಿ ಮುಟ್ಟಿದವನು ಹಿಂದೆ ಹೋಗಬೇಕು, ಅದೂ ನಿಯಮಾನೇ. ಹೋಗು, ಮೇಷ್ಟ್ರ ಹಿಂದೆ ಹೋಗು."

ಅಂಥ ನಿಯಮ ಯಾವತ್ತೂ ಇರಲಿಲ್ಲ, ಆ ಕ್ಷಣದಲ್ಲಿ ಹುಟ್ಟಿದ್ದು.

ಡಾಕ್ಟರು ಅವನನ್ನು ಕೊಂಚ ಹೊತ್ತು ನೋಡಿದರು, ಕಿತ್ತುಹಾಕಬೇಕೋ ಬೇಡವೋ ಎಂದು ಹಲ್ಲನ್ನು ನೋಡುವ ಹಾಗೆ. ತಮ್ಮ ಗಾಡಿಯ ಬಳಿಗೆ ಹೋಗಿ ಹೆಲ್ಮೆಟ್ ಹಾಕಿಕೊಂಡರು. ಗೇರ್ ಬಿತ್ತು. ಅವನ ಪಕ್ಕದಿಂದಲೇ ದಾಟಿ ಮುಂದೆ ಹೊರಟುಹೋದರು. ಮೇಷ್ಟ್ರು ಕರ್ಚೀಫು ಬಿಚ್ಚಿ ಜೇಬಿಗಿಟ್ಟುಕೊಂಡು ಅವರ ಹಿಂದೆಯೇ ಹೋದರು.

"ನಿಂತ್ಕೊಳ್ಳೋ, ನೀನಾದ್ರೂ" ಎಂದ ಕ್ಯಾಪ್ಟನ್ ಭಾವಮೈದನಿಗೆ.

"ಸಾಕು ಭಾವ" ಎಂದಷ್ಟೇ ಹೇಳಿ ಅವನೂ ಹೊರಟ.

ಗಾಡಿ ಗುಡುಗುಡು ಎನ್ನುತ್ತಿತ್ತು. ಮುಂದೆ ದಾರಿ ಕವಲೊಡೆಯುವಲ್ಲಿ ಕಾಯುತ್ತಿರುತ್ತಾರೆ, ಎಲ್ಲಿಗೆ ಹೋಗುತ್ತಾರೆ, ಎಂದುಕೊಂಡ. ಅಲ್ಲಿ ಹೋಗಿ ಏನು ಬೈಯಬೇಕೆಂಬುದನ್ನೂ ಹೊಂದಿಸಿಕೊಂಡು, ಅವಸರವಿಲ್ಲದವನಂತೆ ನಿಧಾನಕ್ಕೆ ಏರು ಹತ್ತಿದ.

ಕವಲಿನಲ್ಲಿ ಯಾರೂ ಇರಲಿಲ್ಲ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಎರಡೂ ದಾರಿಯಲ್ಲಿ ಧೂಳು ಆಗಲೇ ಕೂತಿತ್ತು.