ಯಾವ ಚರ್ಚೆ ಮೊದಲು

ಚನ್ನರಾಯಪಟ್ಟಣದ ಕಾಲೇಜಿನಲ್ಲಿ ನಮಗೆ ರಾಜ್ಯಶಾಸ್ತ್ರ ಕಲಿಸುತ್ತಿದ್ದ ಮೇಷ್ಟ್ರು ಯಾರೇ ಮಾತಾಡಿದರೂ ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ಕೇಳುತ್ತಿದ್ದರು. ಗದ್ದಲವಾದರೆ, "ಮೊದ್ಲು ಕೇಳುಸ್ಕೊಳ್ರಪ್ಪ" ಅನ್ನುವುದಷ್ಟೇ ಅವರ ಗದರಿಕೆ.

ಅವರು ನಡೆಸಿದ ಅಣಕು ಸಂಸತ್ತಿನಲ್ಲಿ ನಾನು ವಿರೋಧ ಪಕ್ಷದ ನಾಯಕ. ಹಾಸ್ಟೆಲ್ ಊಟದ ಚರ್ಚೆಯೇ ಮೊದಲಾಗಬೇಕೆಂದು ನಾನು ಹಟ ಹಿಡಿದೆ. ಆಳುವ ಪಕ್ಷದವರು ಕ್ರೀಡಾಕೂಟದ ಚರ್ಚೆ ಮೊದಲು ಅಂದರು. ಪಟ್ಟಿಯ ಕೊನೆಯಲ್ಲಿ ಶಾಂತಿಗ್ರಾಮದ ಹುಡುಗಿಯೊಬ್ಬಳ ವಿಷಯವಿತ್ತು: ಸಂಜೆಯ ಹೆಚ್ಚಿನ ಬಸ್ಸುಗಳು ಅವಳ ಊರಿನಲ್ಲಿ ನಿಲ್ಲುವುದಿಲ್ಲ. ಯಾವುದು ಮೊದಲು ಎಂಬ ಜಗಳದಲ್ಲೇ ಹೊತ್ತು ಕಳೆದು ಬೆಲ್ ಹೊಡೆಯಿತು. ಎಲ್ಲರೂ ಎದ್ದು ಹೋದೆವು.

ಮರೆತ ಬ್ಯಾಗಿಗಾಗಿ ನಾನು ವಾಪಸು ಬಂದಾಗ ಅವಳು ಖಾಲಿ ಕೋಣೆಯಲ್ಲಿ ನಿಂತು ತನ್ನ ಭಾಷಣ ಓದುತ್ತಿದ್ದಳು. ಮುಂದಿನ ಬೆಂಚಿನಲ್ಲಿ ಮೇಷ್ಟ್ರೊಬ್ಬರೇ ಕೂತಿದ್ದರು.

ಅವಳು ನಡುವೆ ನಿಲ್ಲಿಸಿ, "ಇನ್ನೊಂದಿನ ಲೇಟಾದ್ರೆ ಕಾಲೇಜು ಬುಡಿಸ್ತೀನಿ ಅಂದವ್ರೆ ಸಾ, ನಮ್ಮಪ್ಪ" ಅಂದಳು.

"ಪೂರ್ತಿ ಓದವ್ವ. ನಿನ್ನ ಬಸ್ಸು ಅತ್ತಿಸೇ ನಾನು ಓಗದು" ಅಂದರು ಮೇಷ್ಟ್ರು.

ನಾನೂ ಒಳಗೆ ಹೋಗಿ ಕೂರಬಹುದಿತ್ತು. ಬಾಗಿಲಿನಿಂದಲೇ ಹಿಂದಿರುಗಿದೆ.

ಮರುವಾರದಿಂದ ಅವಳು ಬರಲಿಲ್ಲ. ಮೇಷ್ಟ್ರು ವರ್ಷ ಮುಗಿಯುವವರೆಗೂ ಹಾಜರಿಯಲ್ಲಿ ಅವಳ ಹೆಸರು ಕರೆದು, ಸ್ವಲ್ಪ ಕಾದು, ಆಮೇಲೆ ನನ್ನ ಹೆಸರು ಕರೆಯುತ್ತಿದ್ದರು.