ಪ್ರಮೀಳಮ್ಮನ ಅರ್ಧ ದಿನದ ಗೂಢಚಾರಿಕೆ

ಪಿರಿಯಾಪಟ್ಟಣದ ತಂಬಾಕು ಬೆಳೆಗಾರರ ಸಂಘದಲ್ಲಿ ಪ್ರಮೀಳಮ್ಮ ಹನ್ನೊಂದು ವರ್ಷದಿಂದ ಟೈಪಿಸ್ಟು. ಆಕೆ ಟೈಪು ಹೊಡೆಯಲು ಕೂತರೆ ಬೈಲಕುಪ್ಪೆಯ ಲಾಮಾಗಳು ಆಲಿಕಲ್ಲು ಮಳೆ ಬಂತೆಂದು ಒಣಹಾಕಿದ ಬಟ್ಟೆ ಎತ್ತಿಕೊಳ್ಳುತ್ತಿದ್ದರು. ಇದರಲ್ಲಿ ಕಾಲು ಭಾಗ ಸುಳ್ಳಿರಬಹುದು, ಮಿಕ್ಕಿದ್ದನ್ನು ನಂಬಲೇಬೇಕು.

ಬೆಟ್ಟದಪುರದಲ್ಲಿ ಸಂಘದ ಶೆಡ್ಡು. ರೈತರು ಗೂಡಿನ ಬಿಸಿಯಲ್ಲಿ ಬೇಯಿಸಿ ತಂದ ಹೊಗೆಸೊಪ್ಪನ್ನು ಹದಿಮೂರು ಹೆಂಗಸರು ಬಣ್ಣ ನೋಡಿ ಆರಿಸಿ, ಹಿಡಿ ಹಿಡಿಯಾಗಿ ಜೋಡಿಸಿ, ಬುಡಕ್ಕೆ ಎಲೆಯನ್ನೇ ಸುತ್ತಿ ಕಟ್ಟುತ್ತಿದ್ದರು. ತೊಂಬತ್ತಾರರ ಹರಾಜಿನ ಕಾಲಕ್ಕೆ ಅಲ್ಲಿಂದ ನಿಂಬೆಹಳದಿ ಬಣ್ಣದ ಉತ್ತಮ ಎಲೆ ಮಾಯವಾಗತೊಡಗಿತು. ಮೇಸ್ತ್ರಿ ಉಮಾಶಂಕರ ಕಾವಲುಗಾರ ಮಂಟಯ್ಯನತ್ತ ಬೆರಳು ತೋರಿಸಿದ. ಬೀಗದ ಕೈ ಇದ್ದದ್ದು ಅವನ ಬಳಿ. ನಿವೃತ್ತಿಗೆ ಉಳಿದದ್ದು ಮೂರೇ ತಿಂಗಳು.

"ಶನಿವಾರದೊಳಗೆ ಬೇರೆ ಕಳ್ಳ ಸಿಗದಿದ್ದರೆ ವಜಾ ಪತ್ರ ರೆಡಿ ಮಾಡಮ್ಮ" ಎಂದರು ಕಾರ್ಯದರ್ಶಿ.

ಪ್ರಮೀಳಮ್ಮನ ಬೆರಳು ಮೊದಲ ಬಾರಿಗೆ ಮರಗಟ್ಟಿದವು. "ಶೆಡ್ಡಲ್ಲಿ ನನ್ನ ಗುರುತು ಯಾರಿಗೂ ಇಲ್ಲ. ನಾನೇ ಕೂಲಿಯವಳಾಗಿ ಹೋಗಿ ನೋಡ್ಕೊಂಡು ಬತ್ತೀನಿ ಸಾರ್" ಎಂದಳು.

ಗುರುವಾರ ಹಳೇ ಸೀರೆ ಉಟ್ಟು, ಕನ್ನಡಕವನ್ನು ಬುತ್ತಿ ಚೀಲಕ್ಕೆ ಹಾಕಿ ಹೊರಟಳು. ಕನ್ನಡಕವಿಲ್ಲದ ಕಾರಣ ದಾರಿಯಲ್ಲಿ ಒಂದು ಎಮ್ಮೆಗೆ ನಮಸ್ಕಾರ ಮಾಡಿದ್ದು ಬಿಟ್ಟರೆ ಬೆಳಗ್ಗೆಯೆಲ್ಲ ಗೂಢಚಾರಿಕೆ ಸುಸೂತ್ರವಾಗಿತ್ತು.

ಕೆಟ್ಟದ್ದು ಊಟದ ಹೊತ್ತಿಗೆ. ಹೊಗೆಸೊಪ್ಪಿನ ಕಡುಕಹಿ ಅಂಟು ನೀರಿಗೆ ಹೋಗುವಂಥದ್ದಲ್ಲ. ಹೆಂಗಸರೆಲ್ಲ ಹುಳಿ ಟೊಮೇಟೊ ಹಿಚುಕಿ ಕೈ ಉಜ್ಜುತ್ತ ಕೂತಿದ್ದರೆ, ಪ್ರಮೀಳಮ್ಮ ಒಂದು ಚೆಂಬು ನೀರಲ್ಲಿ ಕೈ ಅದ್ದಿ ಮುದ್ದೆ ಮುರಿದಳು. ತುತ್ತು ಬಾಯಿಗೆ ಹೋದದ್ದೇ ತಡ, ಆಕೆಯ ಮುಖ ನೋಡಲಾರದೆ ಬೆಟ್ಟವೇ ಆಚೆ ತಿರುಗಿಕೊಂಡಿತು.

"ಯಾವೂರವ್ವ ನಿಂದು?" ಎಂದಳು ಹಿರಿಯಳಾದ ಚಿಕ್ಕಬೀರಮ್ಮ.

"ಹನಗೋಡು."

"ಒಗೆಸೊಪ್ಪು ಬೆಳ್ಯೋ ಅನಗೋಡ್ನೋರು ಅಂಟುಗೈಲೇ ಉಣ್ತಾರಾ? ಬುಡು ಬುಡು! ಆಪೀಸ್ನೋಳು ಕಣ್ರೇ ಇವ್ಳು! ನಮ್ ಮೇಲೆ ಕಳ್ತನ ಒರ್ಸಕ್ ಬಂದವ್ಳೆ!"

ಹದಿಮೂರು ಜನವೂ ಎದ್ದು ನಿಂತರು. ಪ್ರಮೀಳಮ್ಮ ಕನ್ನಡಕ ಹಾಕಿಕೊಂಡಳು. "ಮಂಟಯ್ಯನ ಕೆಲಸ ಹೋಗ್ತದೆ ಕಣ್ರವ್ವ. ಆ ಕಾಗದ ನಾನೇ ಹೊಡೀಬೇಕು. ಹೊಡೆಯಕ್ಕೆ ಮನಸ್ಸಿಲ್ಲದೆ ಬಂದೆ."

ಚಿಕ್ಕಬೀರಮ್ಮ ಅರ್ಧ ಟೊಮೇಟೊವನ್ನು ಅವಳ ಅಂಗೈಗೆ ಹಾಕಿದಳು. "ಉಜ್ಕೊ ಮೊದ್ಲು. ಕದ್ದೋನು ಮಾರಕ್ಕೆ ಅರಾಜಿಗೇ ತರ್ಬೇಕು, ನಾಳೆ ನಮ್ನೂ ಅಲ್ಲಿಗೆ ಕರ್ಕೊಂಡೋಗು. ನಾನ್ ಕಟ್ಟಿದ್ ಹಿಡಿ ಯಾರ ಮೂಟೇಲಿದ್ರೂ ನಂಗೊತ್ತಾಯ್ತದೆ."

ಉಮಾಶಂಕರ ತಾನೂ ಬೆಳೆಗಾರನೇ, ಆದರೆ ತನ್ನ ಸೊಪ್ಪನ್ನು ಮನೆಯಲ್ಲೇ ಕಟ್ಟಿಸುತ್ತಿದ್ದವನು. ಶುಕ್ರವಾರ ಹರಾಜಿನಲ್ಲಿ, ಕಾರ್ಯದರ್ಶಿಯ ಎದುರಿಗೇ, ಅವನ ಸ್ವಂತ ಮೂಟೆಯಿಂದ ಚಿಕ್ಕಬೀರಮ್ಮ ಒಂದು ಹಿಡಿ ಎಳೆದು ಎತ್ತಿ ಹಿಡಿದಳು. "ಇದು ಶೆಡ್ಡಿಂದು. ನಾನ್ ಕಟ್ಟಿದ್ದು."

"ಎಲ್ಲ ಕಟ್ಟೂ ಒಂದೇ ತರ ಸಾರ್, ಆ ಮುದುಕಿ ಮಾತು ಕಟ್ಕೊಂಡು..." ಎಂದ ಉಮಾಶಂಕರ.

"ನನ್ ಎಬ್ಬೆಟ್ಟು ಸೊಟ್ಟ ಕಣಪ್ಪ. ಸುತ್ತಿದ್ ಎಲೆ ತುದಿ ಒಳಿಕ್ಕೋಗದೆ ಆಚ್ಗೇ ಮೂತಿ ಆಕ್ಕಂಡಿರ್ತದೆ, ನೋಡು."

ಕಾರ್ಯದರ್ಶಿ ಹೆಂಗಸರನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಶೆಡ್ಡಿನಿಂದ ತರಿಸಿದ ಹಿಡಿಗಳನ್ನು ಕಲೆಸಿಟ್ಟರು. ತಿರುಗಿದ ಹೆಂಗಸರು ಹೆತ್ತ ಮಕ್ಕಳನ್ನು ಎತ್ತಿಕೊಳ್ಳುವಂತೆ ತಂತಮ್ಮದನ್ನು ಎತ್ತಿಕೊಂಡರು. ಒಂದೂ ತಪ್ಪಲಿಲ್ಲ. ಆಮೇಲೆ ಉಮಾಶಂಕರನ ಮೂಟೆಗಳಲ್ಲಿ ಹದಿಮೂರು ಕೈಗಳ ಕಟ್ಟೂ ಸಿಕ್ಕವು. ಅವನು ನೀರು ಕೇಳಿದ. ಕುಡಿದ ರಭಸಕ್ಕೆ ಲಕ್ಷ್ಮಣತೀರ್ಥ ಹೊಳೆ ಒಂದು ಗೇಣು ಇಳಿಯಿತಂತೆ.

ಮಾರನೆಯ ದಿನ ಮಂಟಯ್ಯ ಆಫೀಸಿಗೆ ಬಂದ. ಮುಖದಲ್ಲಿ ಸಂತೋಷವೇನೂ ಕಾಣಲಿಲ್ಲ.

"ಮೂವತ್ತೊರ್ಸ ಬೀಗ ಕಾಯ್ದೆ ಕಣವ್ವ. 'ನೀನ್ ತಗಂಡ್ಯಾ ಮಂಟಯ್ಯ' ಅಂತ ನನ್ನೇ ಒಂದ್ ಮಾತ್ ಕೇಳ್ಬೋದಿತ್ತಲ್ಲ ಯಾರಾದ್ರೂ?"

ಪ್ರಮೀಳಮ್ಮನೂ ಕೇಳಿರಲಿಲ್ಲ. ಎದ್ದು, ತನ್ನ ಕುರ್ಚಿಯನ್ನು ಅವನ ಕಡೆಗೆ ಎಳೆದಳು. ಮಂಟಯ್ಯ ಬಾಗಿಲ ಕಡೆ ಒಮ್ಮೆ ನೋಡಿ, ಟವೆಲಿನಿಂದ ಕುರ್ಚಿ ಒರೆಸಿ, ಅಂಚಿಗೆ ಕೂತ. ಆಮೇಲೆ ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಸರಿದು ಬೆನ್ನು ಆನಿಸಿದ.